ಅತ್ತಿಕಾಯಿಯ ಒಳಗನ್ನು ದಿನವೂ ನೋಡುತ್ತಾ

ಅತ್ತಿಯ ಹೂವನ್ನು ಕಂಡವರಿಲ್ಲ ಎಂಬ ಮಾತನ್ನು ನಮ್ಮ ಕಡೆಯ ಹಿರಿಯರು ಈಗಲೂ ಆಡುತ್ತಾರೆ. ಹೂಗಳೇನೋ ಸಾವಿರಾರು ಇವೆ, ಆದರೆ ಅವೆಲ್ಲವೂ ನಾವು ಕಾಯಿ ಎಂದು ಕರೆಯುವ ಗುಂಡಗಿನ ಗೂಡಿನ ಒಳಮೈಗೆ ಒತ್ತಾಗಿ ಅಂಟಿಕೊಂಡಿರುವುದರಿಂದ ಹೊರಗೆ ನಿಂತವರಿಗೆ ಕಾಣುವುದಿಲ್ಲ. ಸಸ್ಯವಿಜ್ಞಾನವನ್ನು ವೃತ್ತಿಯಾಗಿ ಹಿಡಿದಿರುವ ನಾನು ಬೆಂಗಳೂರಿನ ಉತ್ತರ ಭಾಗದಲ್ಲಿ, ಕೆರೆಯೊಂದರ ಏರಿಯ ಮೇಲಿರುವ ಅತ್ತಿಮರಗಳನ್ನು ಹಲವು ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ಆ ಕೆಲಸವನ್ನು ಹೇಗೆ ಮಾಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅತ್ತಿಯ ಕಾಯಿಗಳು ಕಾಂಡಕ್ಕೂ ದಪ್ಪ ಕೊಂಬೆಗಳಿಗೂ ಗೊಂಚಲಾಗಿ ಬಿಡುವುದರಿಂದ ಏಣಿಯಿಲ್ಲದೆಯೇ ಕೈಗೆ ಸಿಗುತ್ತವೆ, ಮತ್ತು ಒಂದು ಮರದ ಕಾಯಿಗಳು ಬಹುಮಟ್ಟಿಗೆ ಒಟ್ಟಿಗೇ ಬೆಳೆಯುತ್ತವೆ. ಕೈಗೆಟಕುವ ಗೊಂಚಲುಗಳಿಗೆ ಅಲ್ಯುಮಿನಿಯಂ ತಗಡಿನ ಚೀಟಿ ಕಟ್ಟಿ, ಅದರ ಮೇಲೆ ಸಂಖ್ಯೆಯನ್ನು ಒತ್ತಿ ಬರೆದೆ. ಪ್ರತಿದಿನ ಬೆಳಿಗ್ಗೆ, ಗುರುತಿಲ್ಲದ ಗೊಂಚಲಿನಿಂದ ಒಂದು ಕಾಯಿಯನ್ನು ಕಿತ್ತು, ಬ್ಲೇಡಿನಿಂದ ಎರಡು ಹೋಳು ಮಾಡಿ, ಭೂತಗನ್ನಡಿಯಲ್ಲಿ ನೋಡಿದ್ದನ್ನು ಅಲ್ಲೇ ನಿಂತು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತೇನೆ. ಶಾಯಿ ಮಳೆಗೂ ನಿಲ್ಲುವುದಿಲ್ಲ, ಮಾದರಿಗಳನ್ನು ಇಡುವ ಆಲ್ಕೋಹಾಲ್ ತಗುಲಿದರೂ ನಿಲ್ಲುವುದಿಲ್ಲ.

ಕಾಯಿಯ ಬದುಕನ್ನು ಐದು ಹಂತಗಳಾಗಿ ವಿಂಗಡಿಸುವ ಕ್ರಮವನ್ನು ಇಸ್ರೇಲಿನ ಗಲಿಲ್ ಮತ್ತು ಐಸಿಕೊವಿಚ್ 1968ರಲ್ಲಿ ಮುಂದಿಟ್ಟರು. ಅವರು ನೋಡಿದ್ದು ಸಿಕಮೋರ್ ಅತ್ತಿಯನ್ನು, ಆದರೆ ನಮ್ಮ ಅತ್ತಿಗೂ ಅದು ಚೆನ್ನಾಗಿ ಹೊಂದುತ್ತದೆ. ಇವುಗಳಲ್ಲಿ ಎರಡನೆಯ ಹಂತವೇ ನನ್ನ ಮಟ್ಟಿಗೆ ಅತ್ಯಂತ ಕುತೂಹಲದ್ದು. ಹೆಣ್ಣು ಹೂಗಳು ಪರಾಗಕ್ಕೆ ಸಿದ್ಧವಾದಾಗ ಕಾಯಿಯ ತುದಿಯ ಕಿರುಬಾಯಿ ಸ್ವಲ್ಪ ಸಡಿಲವಾಗುತ್ತದೆ, ಹೊರಹೊಮ್ಮುವ ವಾಸನೆಯನ್ನು ಹಿಡಿದು ಎರಡು ಮಿಲಿಮೀಟರಿನಷ್ಟು ಉದ್ದದ ಹೆಣ್ಣು ಕಣಜ ಬರುತ್ತದೆ, ಮತ್ತು ಆ ಬಾಯಿಯ ಹೊರಪೊರೆಗಳ ನಡುವೆ ನುಸುಳುವಾಗ ಸಾಮಾನ್ಯವಾಗಿ ತನ್ನ ರೆಕ್ಕೆಗಳನ್ನು ಕಳೆದುಕೊಳ್ಳುತ್ತದೆ. ಒಂದು ಬೆಳಿಗ್ಗೆ ಅನೇಕ ಕಾಯಿಗಳ ಬಾಯಿಯಲ್ಲಿ ಸಿಕ್ಕಿಕೊಂಡಿದ್ದ ರೆಕ್ಕೆಗಳನ್ನು ಕಂಡಾಗ, ಪುಸ್ತಕದಲ್ಲಿ ಓದಿದ ಸಂಗತಿ ನನ್ನ ಕಣ್ಣೆದುರೇ ನಡೆದಿದೆ ಎಂಬ ಸಂತೋಷ ನನಗೆ ದಿನವಿಡೀ ಉಳಿಯಿತು. ಒಳಹೊಕ್ಕ ಕಣಜ ಎದೆಭಾಗದ ಚೀಲದಲ್ಲಿ ತಂದ ಪರಾಗವನ್ನು ಹೂಗಳಿಗೆ ಹಚ್ಚುತ್ತದೆ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಉಳಿದ ಹೂಗಳು ಬೀಜಗಳಾಗುತ್ತವೆ.

ಕಣಜ ಹೊಗದ ಕಾಯಿಗೆ ಏನಾಗುತ್ತದೆ ಎಂದು ನೋಡಲು ಎಳೆಯ ಗೊಂಚಲುಗಳಿಗೆ ಚೀಲ ಹಾಕಬೇಕಾಯಿತು. ಸೊಳ್ಳೆಪರದೆಯ ಕಣ್ಣು ಈ ಕೀಟಕ್ಕೆ ತೀರಾ ದೊಡ್ಡದು. ಚಿಕ್ಕಪೇಟೆಯ ಅಂಗಡಿಯಿಂದ ಆರ್ಗಂಜಾ ಬಟ್ಟೆ ತಂದು, ಬಾಯಿಗೆ ಲಾಡಿ ಬರುವಂತೆ ದರ್ಜಿಯವರಿಂದ ಚೀಲಗಳನ್ನು ಹೊಲಿಸಿದೆ. ಚೀಲದೊಳಗಿನ ಕಾಯಿಗಳು ಹಳದಿಗಟ್ಟಿ ಉದುರಿದವು, ಪಕ್ಕದ ತೆರೆದ ಗೊಂಚಲುಗಳು ಬೆಳೆದವು. ಇದು ಹೊಸ ಸಂಶೋಧನೆಯಲ್ಲ, ಆದರೆ ನನ್ನ ವಿದ್ಯಾರ್ಥಿಗಳಿಗೆ ಎಷ್ಟೋ ಉಪನ್ಯಾಸಗಳಿಗಿಂತ ಇದೊಂದೇ ಹೆಚ್ಚು ಮನವರಿಕೆ ಮಾಡಿಕೊಟ್ಟಿತು.

ಹೊರಗಿನಿಂದಲೇ ಗೋಡೆ ಕೊರೆದು ಮೊಟ್ಟೆಯಿಡುವ ಬೇರೆ ಕಣಜಗಳೂ ಇವೆ. ಅವು ಪರಾಗದ ಕೆಲಸ ಮಾಡುವುದಿಲ್ಲ, ಕೆಲವು ಒಳಗಿನ ಮರಿಗಳನ್ನೇ ತಮ್ಮ ಮರಿಗಳಿಗೆ ಆಹಾರವಾಗಿಸುತ್ತವೆ. ಅಂಥ ಒಂದು ಕಣಜದ, ಕೂದಲಿಗಿಂತ ತೆಳುವಾದ ಕೊರೆಯುವ ಅಂಗದ ತುದಿಯಲ್ಲಿ ಸತುವು ಇರುವುದನ್ನು ನಮ್ಮ ಊರಿನದೇ ಆದ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2014ರಲ್ಲಿ ವರದಿ ಮಾಡಿದರು. ಅದೇ ಸಂಸ್ಥೆಯ ರೆನೀ ಬೋರ್ಜಸ್ ಮತ್ತು ಅವರ ವಿದ್ಯಾರ್ಥಿಗಳು ಈ ಮರದ ವಾಸನೆ ಹಂತದಿಂದ ಹಂತಕ್ಕೆ ಬದಲಾಗುವುದನ್ನು ಅಳೆದಿದ್ದಾರೆ. ಎಲೆ ಹೆಣೆದು ಗೂಡು ಕಟ್ಟುವ ಕೆಂಜಿಗಗಳು ಓಡಾಡುವ ಗೊಂಚಲಿನ ಮೇಲೆ ಈ ಕೊರೆಯುವ ಕಣಜಗಳು ಹೆಚ್ಚು ಹೊತ್ತು ಕೂರಲಾರವು ಎಂಬುದನ್ನು ನಾನೂ ಮತ್ತೆ ಮತ್ತೆ ಕಂಡಿದ್ದೇನೆ.

ಕಣಜ ಹೊಕ್ಕ ಮೇಲೆ ಮುಂದಿನ ಪೀಳಿಗೆ ಹೊರಬರುವ ತನಕದ ಅವಧಿ ಋತುವಿನೊಂದಿಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಬೇಸಿಗೆಯಲ್ಲಿ ಬೇಗ, ಚಳಿಗಾಲದಲ್ಲಿ ನಿಧಾನ. ಆ ದಿನ ಹತ್ತಿರವಾದಾಗ ಸಂಜೆ ಕೆಲವು ಕಾಯಿಗಳನ್ನು ತಂದು ಬಟ್ಟೆ ಮುಚ್ಚಿದ ಡಬ್ಬಿಗಳಲ್ಲಿಡುತ್ತೇನೆ. ರೆಕ್ಕೆಯಿಲ್ಲದ ಗಂಡುಗಳು ಮೊದಲು ಎದ್ದು, ಹೆಣ್ಣುಗಳೊಂದಿಗೆ ಕೂಡಿ, ಗೋಡೆಯಲ್ಲಿ ಸುರಂಗ ಕೊರೆಯುತ್ತವೆ. ಆ ದಾರಿಯಿಂದ ಪರಾಗ ಹೊತ್ತ ಹೆಣ್ಣುಗಳು ಹೊರಬರುತ್ತವೆ. ಅವುಗಳನ್ನು ಶೇಕಡಾ 70ರ ಆಲ್ಕೋಹಾಲಿನಲ್ಲಿ ಇಟ್ಟು, ಯಾವ ಜಾತಿ ಎಷ್ಟು ಎಂದು ಎಣಿಸುತ್ತೇನೆ.

ಕಾಯಿ ಕೆಂಪಾಗಿ ಹಣ್ಣಾಗುವ ಕಾಲವನ್ನು ನನಗೆ ಮೊದಲು ತಿಳಿಸುತ್ತಿದ್ದವರು ಅಲ್ಲಿಯ ತೋಟದ ಮಾಲಿ. “ರಾತ್ರಿ ಬಾವಲಿ ಬಂದಿದ್ವು ಸಾರ್, ನಾಳೆ ನೋಡಿ, ಕೆಳಗೆಲ್ಲಾ ಹಣ್ಣೇ ಇರ್ತದೆ” ಎಂದು ಅವರು ಹೇಳಿದರೆ ಅದು ತಪ್ಪುತ್ತಿರಲಿಲ್ಲ. ಅವರ ಮಾತುಗಳನ್ನೂ ತಾರೀಖು ಹಾಕಿ ಬರೆದಿಟ್ಟಿದ್ದೇನೆ, ಏಕೆಂದರೆ ರಾತ್ರಿಯ ಮರವನ್ನು ಅವರಷ್ಟು ನಾನು ನೋಡಿಲ್ಲ.

ಹೊರಬಂದ ಹೆಣ್ಣು ಕಣಜದ ಆಯುಷ್ಯ ಒಂದೆರಡು ದಿನ ಮಾತ್ರ. ಅಷ್ಟರೊಳಗೆ ಎರಡನೆಯ ಹಂತದಲ್ಲಿರುವ ಇನ್ನೊಂದು ಅತ್ತಿಮರ ಅದಕ್ಕೆ ಸಿಗಬೇಕು, ಮತ್ತು ಅಕ್ಕಪಕ್ಕದ ಮರಗಳ ಬೆಳೆಗಳು ಬೇರೆ ಬೇರೆ ಕಾಲಕ್ಕೆ ಬರುವುದರಿಂದಲೇ ಇದು ಸಾಧ್ಯ. ಹಾಗಾಗಿ ರಸ್ತೆ ಅಗಲಿಸಲು ಒಂದು ಅತ್ತಿಮರವನ್ನು ಕಡಿದಾಗ ವರ್ಷದ ಯಾವ ವಾರಗಳಲ್ಲಿ ಸುತ್ತಲಿನ ಕಣಜಗಳಿಗೆ ಆಸರೆ ತಪ್ಪುತ್ತದೆ ಎಂದು ಕೇಳಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಈ ಪ್ರಶ್ನೆಗೆ ಉತ್ತರ ಹುಡುಕಲು ಈಗ ಕೆರೆ ಏರಿಯಿಂದಾಚೆಗೆ, ದೇವಸ್ಥಾನದ ಅಂಗಳ, ರಾಜಕಾಲುವೆಯ ದಡ ಮತ್ತು ಹಳೆಯ ಬಡಾವಣೆಗಳ ಮರಗಳನ್ನೂ ನಕ್ಷೆಯಲ್ಲಿ ಗುರುತಿಸಿ, ಪ್ರತಿ ವಾರ ಅವುಗಳ ಹಂತವನ್ನು ಅದೇ ಪುಸ್ತಕದಲ್ಲಿ ದಾಖಲಿಸುತ್ತಿದ್ದೇನೆ.