ಕ್ಷಮೆ ಕೇಳುವ ಕ್ರಮ, ಸೇವೆಗೆ ಮರಳುವ ದಾರಿ: ನನ್ನ ಅನುಭವ

ಸಭೆಯ ಹಣಕ್ಕೆ ಕೈ ಹಾಕಿದವರು, ಬಿಟ್ಟ ಕುಡಿತಕ್ಕೆ ಮತ್ತೆ ಬಿದ್ದವರು, ಮನೆಯವರಿಗೆ ಮೋಸ ಮಾಡಿದವರು. ಬೆಂಗಳೂರಿನ ಕನ್ನಡ ಕ್ರೈಸ್ತ ಸಭೆಯಲ್ಲಿ ಇಂಥವರ ಜೊತೆ ಕೂತು ಮಾತಾಡುವುದು ನನ್ನ ಪಾಲಿಗೆ ಬಂದ ಕೆಲಸ. ದೇವರ ಕ್ಷಮೆ ಕೇಳಿದ ಕೂಡಲೇ ಸಿಗುತ್ತದೆ, ಜನರ ನಂಬಿಕೆ ನಿಧಾನಕ್ಕೆ ಬರುತ್ತದೆ. ಎರಡನ್ನೂ ಒಂದೇ ಅಂದುಕೊಂಡವರೇ ಹೆಚ್ಚು ಒದ್ದಾಡುತ್ತಾರೆ.

ಮೊದಲು ಒಂದು ಹಾಳೆ ಕೊಡುತ್ತೇನೆ. ಏನು ಮಾಡಿದೆ, ಯಾವಾಗಿನಿಂದ, ಯಾರಿಗೆ ನಷ್ಟ, ಎಷ್ಟು ಅಂತ ಬರೆದರೆ ಸಾಕು. ‘ಹಣ ಖರ್ಚಾಗಿಹೋಯ್ತು’ ಅಂತಿದ್ದರೆ ‘ನಾನು ಖರ್ಚು ಮಾಡಿದೆ’ ಅಂತ ತಿದ್ದಿಸುತ್ತೇನೆ. ‘ನಾನು ಮಹಾಪಾಪಿ’ ಎಂಬ ಸಾಲನ್ನೂ ಹೊಡೆಸುತ್ತೇನೆ, ಅದರ ಭರದಲ್ಲಿ ಮಾಡಿದ್ದೇನು ಅಂತ ಹೇಳುವುದೇ ತಪ್ಪಿಹೋಗುತ್ತದೆ. ಆಮೇಲೆ ಬೈಬಲಿನ 51ನೇ ಕೀರ್ತನೆಯನ್ನು, ಪಶ್ಚಾತ್ತಾಪದ ಪ್ರಾರ್ಥನೆ ಅದು, ಗಟ್ಟಿಯಾಗಿ ಓದುವುದು. ಇತರರಿಗೆ ದೇವರ ಮಾರ್ಗ ಕಲಿಸುವ ಮಾತು ಅಲ್ಲಿ ಬರುವುದು 13ನೇ ವಚನದಲ್ಲಿ, ತಪ್ಪೊಪ್ಪಿಗೆಯೆಲ್ಲ ಮುಗಿದ ಮೇಲೆ.

ಹಾಳೆಯನ್ನು ಯಾರ ಮುಂದೆ ಓದಬೇಕು? ಎಡವುವುದು ಇಲ್ಲೇ. ಯೇಸುವನ್ನು ಹಣಕ್ಕೆ ಹಿಡಿದುಕೊಟ್ಟ ಯೂದನೂ ಪಶ್ಚಾತ್ತಾಪಪಟ್ಟ, ಮೂವತ್ತು ಬೆಳ್ಳಿ ನಾಣ್ಯ ವಾಪಸ್ ತಂದ, ಪಾಪ ಮಾಡಿದೆ ಅಂತ ಬಾಯಿಬಿಟ್ಟು ಹೇಳಿದ. ಕೇಳಿಸಿಕೊಂಡ ಮಹಾಯಾಜಕರು ‘ಅದು ನಮಗೇನು?’ ಅಂದರು. ಅವನು ಹೋಗಿ ಉರುಲು ಹಾಕಿಕೊಂಡ. ಇದ್ದಲ ಬೆಂಕಿಯ ಬಳಿ ಮೂರು ಸಲ ಗುರುವನ್ನು ಅರಿಯೆನೆಂದ ಶಿಷ್ಯ ಪೇತ್ರನಿಗೆ ಯೇಸು ಇದ್ದಲ ಬೆಂಕಿಯ ಮೇಲೆ ಮೀನು ಸುಟ್ಟು ಊಟ ಕೊಟ್ಟ, ಆಮೇಲೆ ಮೂರು ಸಲ ‘ನನ್ನನ್ನು ಪ್ರೀತಿಸುತ್ತೀಯಾ?’ ಅಂತ ಕೇಳಿದ. ನಾನೂ ತಿಂಡಿ ಮುಗಿಯದೆ ಹಾಳೆ ತೆಗೆಸುವುದಿಲ್ಲ. ಕೇಳುವವರು ಒಬ್ಬರೇ ಸಾಕು: ಸಭಾಪಾಲಕರು, ಇಲ್ಲವೇ ಗುಟ್ಟು ಉಳಿಸಿಕೊಳ್ಳಬಲ್ಲ ಹಿರಿಯರು. ಮನೆ ಪ್ರಾರ್ಥನಾ ಕೂಟ ಬೇಡ, ‘ಪ್ರಾರ್ಥನೆ ಮಾಡಿ’ ಅಂತ ವಾಟ್ಸಾಪ್ ಗುಂಪಿಗೆ ಬಿದ್ದದ್ದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿರುತ್ತದೆ. ಒಂಟಿ ಕೋಣೆಯ ಬಾಡಿಗೆ ಮನೆಯಲ್ಲಿ ಮಾತಾಡಲಾಗದವರಿಗೆ ಬೆಳಗಿನ ಹೊತ್ತು ಕಬ್ಬನ್ ಪಾರ್ಕಿನ ಬೆಂಚು ಒಳ್ಳೆಯದು. ಸಾಯುವ ಮಾತೆತ್ತಿದರೆ ಹಾಳೆ ಪಕ್ಕಕ್ಕಿಟ್ಟು, ಅವರನ್ನು ಒಂಟಿಯಾಗಿ ಬಿಡದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅಲ್ಲಿಂದಲೇ ಕರೆ ಮಾಡಿಸಿ.

ಹಣದ ವಿಷಯಕ್ಕೆ ಬೈಬಲಿನ ಯಾಜಕಕಾಂಡದ 6ನೇ ಅಧ್ಯಾಯದ ಲೆಕ್ಕವನ್ನೇ ಹಿಡಿಯುತ್ತೇನೆ: ಅಸಲು, ಜೊತೆಗೆ ಐದನೇ ಒಂದು ಪಾಲು. 40,000 ತೆಗೆದಿದ್ದರೆ 48,000. ತಿಂಗಳಿಗೆ 4,000ದಂತೆ 12 ಕಂತು, ನಗದಲ್ಲ, ಖಾತೆಗೆ. ಸುಂಕ ವಸೂಲಿಯ ಜಕ್ಕಾಯ ಮೋಸದಿಂದ ತೆಗೆದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದದ್ದು ಯೇಸು ಅವನ ಮನೆಗೆ ಬಂದ ಮೇಲೆ, ಅವನಾಗಿಯೇ. ಕ್ಷಮೆಗೆ ಇದು ಬೆಲೆಯಲ್ಲ. ಆದರೆ ಮೈ ಹಗುರಾಗಲಿ ಅಂತ ಆ್ಯಪ್ ಸಾಲ ಮಾಡಿ, ಹೆಂಡತಿಯ ಒಡವೆ ಅಡವಿಟ್ಟು ಒಂದೇ ಸಲ ಕಟ್ಟಲು ಹೊರಡುವವರಿದ್ದಾರೆ. ತಡೆಯಿರಿ, ತಪ್ಪು ಮಾಡದವಳ ಮೇಲೆ ದಂಡ ಬೀಳುತ್ತದೆ.

ಹೊಡೆತ ತಿಂದ ಹೆಣ್ಣುಮಗಳಿಗೆ ‘ಏಳೆಪ್ಪತ್ತು ಸಾರಿ ಕ್ಷಮಿಸಬೇಕಮ್ಮಾ’ ಅಂತ ವಚನ ಹೇಳಿ ಅದೇ ಮನೆಗೆ ಕಳಿಸುವುದು ಅನ್ಯಾಯ. ಮೊದಲು ಅವಳ ಕ್ಷೇಮ ನೋಡಬೇಕು. ದಿನಾ ವಿಪರೀತ ಕುಡಿಯುವವರು ಉಪವಾಸ ಪ್ರಾರ್ಥನೆಯೆಂದು ದಿಢೀರನೆ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ, ಪ್ರಾರ್ಥನೆ ಅಲ್ಲಿಯೂ ಮಾಡಬಹುದು.

‘ನನ್ನ ಕುರಿಗಳನ್ನು ಮೇಯಿಸು’ ಅಂತ ಪೇತ್ರನಿಗೆ ಅಲ್ಲೇ ಕೆಲಸ ಸಿಕ್ಕಿತು. ಹಾಗಾಗಿ ನಾನೂ ಯಾರನ್ನೂ ಸುಮ್ಮನೆ ಕೂರಿಸುವುದಿಲ್ಲ. ಆಸ್ಪತ್ರೆಯಲ್ಲಿರುವವರಿಗೆ ಊಟ ಒಯ್ಯುವುದು, ವಯಸ್ಸಾದವರನ್ನು ಆರಾಧನೆಗೆ ಕರೆತರುವುದು ಮರುವಾರವೇ ಶುರು. ಮೈಕು ಮಾತ್ರ ಬೇಡ. ‘ಸಾಕ್ಷಿ ಹೇಳಲಿ ಬಿಡಿ ಬ್ರದರ್’ ಅಂತ ಅವಸರ ಮಾಡುವವರಿಗೆ, ನಷ್ಟ ಅನುಭವಿಸಿದವರು ಅದೇ ಆಲಯದಲ್ಲಿ ಕೂತಿರುತ್ತಾರೆ ಅಂತ ನೆನಪಿಸುತ್ತೇನೆ. ಸುವಾರ್ತೆ ಸಾರುವ ಪ್ರಯಾಣದ ನಡುವೆ ಪಂಫುಲ್ಯದಲ್ಲಿ ಕೈಬಿಟ್ಟು ಹೋದ ಮಾರ್ಕನನ್ನು ಅಪೊಸ್ತಲ ಪೌಲ ಮತ್ತೆ ಸೇರಿಸಿಕೊಳ್ಳಲಿಲ್ಲ, ಜೊತೆಗಾರ ಬಾರ್ನಬ ಕರೆದುಕೊಂಡು ಹೋದ. ಮುಂದೆ ‘ಅವನು ನನಗೆ ಉಪಯುಕ್ತ, ಕರೆದುಕೊಂಡು ಬಾ’ ಅಂತ ತಿಮೊಥೆಯನಿಗೆ ಬರೆದದ್ದು ಅದೇ ಪೌಲ. ಅಂಥ ಬಾರ್ನಬ ಒಬ್ಬರು ವಾರಕ್ಕೊಮ್ಮೆ ನೇರವಾಗಿ ಕೇಳಬೇಕು: ಕಂತು ಕಟ್ಟಿದಿರಾ? ಈ ವಾರ ಯಾರಿಗಾದರೂ ಸುಳ್ಳು ಹೇಳಿದಿರಾ?

ಹಣದಲ್ಲಿ ಎಡವಿದವರಿಗೆ ಕಂತು ಮುಗಿದ ಮೇಲೂ ಕಾಣಿಕೆ ಎಣಿಕೆ ಒಪ್ಪಿಸುವುದಿಲ್ಲ, ಅವರನ್ನು ಕಾಯುವುದಕ್ಕೇ ಇದು. ಉಳಿದವರೂ ಒಬ್ಬರೇ ಎಣಿಸಬಾರದು. ಇಬ್ಬರು ಕೂತು ಎಣಿಸಿ, ಅಲ್ಲೇ ಪುಸ್ತಕಕ್ಕೆ ಎರಡು ಸಹಿ, ಸೋಮವಾರ ಬ್ಯಾಂಕಿಗೆ.