ಗುಜರಿಗೆ ಹೊರಟಿದ್ದ ಕಂಪ್ಯೂಟರ್ ಮತ್ತೆ ಆನ್ ಆದದ್ದು

ಪರಿಚಯದವರೊಬ್ಬರು ಗುಜರಿಗೆ ಹಾಕಲು ಎತ್ತಿಟ್ಟಿದ್ದ ಹಳೆ ಡೆಸ್ಕ್‌ಟಾಪ್ ಅದು. "ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಮೇಲೆ ಮಾತ್ರ ಏನೂ ಬರಲ್ಲ. ಮದರ್‌ಬೋರ್ಡೇ ಹೋಗಿದೆಯಂತೆ. ಬೇಕಾದ್ರೆ ತಗೊಂಡ್ಹೋಗಿ" ಅಂದರು. ಕೋರ್ 2 ಡ್ಯುಯೋ ಪ್ರೊಸೆಸರ್, 1 ಜಿಬಿಯ ಎರಡು ಡಿಡಿಆರ್2 ರ‍್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್. ಮದರ್‌ಬೋರ್ಡ್, ಅಂದರೆ ಎಲ್ಲ ಭಾಗಗಳೂ ಕೂರುವ ಮುಖ್ಯ ಬೋರ್ಡ್, ಹೋಗಿದೆ ಅನ್ನುವ ಮಾತನ್ನು ನಾನು ಸುಲಭಕ್ಕೆ ಒಪ್ಪುವುದಿಲ್ಲ. ತೊಂದರೆ ಎಲ್ಲಿದೆ ಅಂತ ಗೊತ್ತಾಗದಿದ್ದಾಗ ಎಲ್ಲರೂ ಮೊದಲು ಹೇಳುವುದು ಅದನ್ನೇ.

ಪ್ಲಗ್ ತೆಗೆದು, ಕ್ಯಾಬಿನೆಟ್ ಬಿಚ್ಚಿ, ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದೆ. ಬಾಯಿಂದ ಊದಬಾರದು, ಎಂಜಲು ಹಾರಿ ಬೋರ್ಡ್ ಮೇಲೆ ಬೀಳುತ್ತದೆ. ಬೋರ್ಡ್ ಮೇಲೆ ಪುಟ್ಟ ಡಬ್ಬಿಗಳಂತೆ ನಿಂತಿರುವ ಕೆಪಾಸಿಟರ್‌ಗಳ ತಲೆ ಉಬ್ಬಿದೆಯಾ ಅಂತ ಟಾರ್ಚ್ ಹಿಡಿದು ಒಂದೊಂದನ್ನೇ ನೋಡಿದೆ. ಉಬ್ಬಿದ್ದರೆ ಅದು ಕೆಟ್ಟಿದೆ ಅಂತ ಅರ್ಥ. ಎಲ್ಲವೂ ಚಪ್ಪಟೆಯಾಗಿದ್ದವು. ಆಗಲೇ ಅರ್ಧ ಧೈರ್ಯ ಬಂತು.

ಆಮೇಲೆ ಪವರ್ ಸಪ್ಲೈ. ಬೋರ್ಡ್‌ನಿಂದ ಅದರ ಕೇಬಲ್‌ಗಳನ್ನೆಲ್ಲ ಬಿಡಿಸಿ, 24 ಪಿನ್ನಿನ ಕನೆಕ್ಟರ್‌ನಲ್ಲಿ ಹಸಿರು ವೈರಿನ ಪಿನ್ನನ್ನು ಪಕ್ಕದ ಕಪ್ಪು ವೈರಿನ ಪಿನ್ನಿಗೆ ಒಂದು ತುಂಡು ತಂತಿಯಿಂದ ಸೇರಿಸಿ ಪ್ಲಗ್ ಹಾಕಿದರೆ ಅದು ತಾನಾಗಿ ಆನ್ ಆಗುತ್ತದೆ. ಮಲ್ಟಿಮೀಟರ್‌ನಲ್ಲಿ ಹಳದಿ ವೈರ್ 12.1 ವೋಲ್ಟ್, ಕೆಂಪು 5 ವೋಲ್ಟ್ ತೋರಿಸಿತು. ಇರಬೇಕಾದ 12 ಮತ್ತು 5 ವೋಲ್ಟಿಗಿಂತ ಶೇಕಡಾ 5ರಷ್ಟು ಆಚೀಚೆ ಇದ್ದರೂ ಚಿಂತೆಯಿಲ್ಲ. ಆದರೆ ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟ್ ಉಳಿದಿರುತ್ತದೆ.

ನನಗೆ ತುಂಬಾ ಇಷ್ಟವಾದ ಪರೀಕ್ಷೆ ಮುಂದಿನದು. ಎರಡೂ ರ‍್ಯಾಮ್ ತೆಗೆದುಬಿಟ್ಟೆ. ಹಾರ್ಡ್ ಡಿಸ್ಕ್, ಸಿಡಿ ಡ್ರೈವ್ ಕೇಬಲ್‌ಗಳನ್ನೂ ಕಿತ್ತೆ. ಬೋರ್ಡ್, ಪ್ರೊಸೆಸರ್ ಮತ್ತು ಕ್ಯಾಬಿನೆಟ್‌ನ ಪುಟ್ಟ ಸ್ಪೀಕರ್ ಅಷ್ಟೇ ಉಳಿಯಿತು. ಬಟನ್ ಒತ್ತಿದೆ. ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಉದ್ದಕ್ಕೆ ಬೀಪ್, ಬೀಪ್ ಅಂತ ಕೂಗತೊಡಗಿತು. ಎಷ್ಟು ಖುಷಿಯಾಯಿತು ಗೊತ್ತಾ! ರ‍್ಯಾಮ್ ಇಲ್ಲ ಅಂತ ದೂರು ಹೇಳಬೇಕಾದರೆ ಪ್ರೊಸೆಸರ್ ಕೆಲಸ ಮಾಡುತ್ತಿರಬೇಕು, ಬಯಾಸ್ (ಆನ್ ಮಾಡಿದ ಕೂಡಲೇ ಬೋರ್ಡ್ ಓಡಿಸುವ ಮೊದಲ ಪ್ರೋಗ್ರಾಂ) ಓಡುತ್ತಿರಬೇಕು. ಅಂದರೆ ಬೋರ್ಡ್ ಬದುಕಿದೆ.

ರ‍್ಯಾಮ್ ಅಂಚಿನ ಬಂಗಾರದ ಬಣ್ಣದ ಪಿನ್‌ಗಳು ಮಂಕಾಗಿದ್ದವು. ಪೆನ್ಸಿಲ್ ಅಳಿಸುವ ಬಿಳಿ ರಬ್ಬರ್‌ನಿಂದ ಎರಡೂ ಕಡೆ ಹಗುರವಾಗಿ ಉಜ್ಜಿದೆ. ರಬ್ಬರ್ ಕಪ್ಪಾಯಿತು, ಪಿನ್‌ಗಳು ಹೊಳೆದವು. ಪುಡಿಯನ್ನೆಲ್ಲ ಬ್ರಷ್‌ನಿಂದ ತೆಗೆದು, ಒಂದನ್ನು ಮಾತ್ರ ಹಾಕಿ ಆನ್ ಮಾಡಿದೆ. ಮತ್ತೆ ಬೀಪ್. ಅದನ್ನು ತೆಗೆದು ಇನ್ನೊಂದನ್ನು ಹಾಕಿದೆ. ಸ್ಕ್ರೀನ್ ಬೆಳಗಿತು! ಎರಡನ್ನೂ ಒಟ್ಟಿಗೆ ಹಾಕಿದ್ದರೆ ಯಾವುದು ಕೆಟ್ಟಿದೆ ಅಂತ ಗೊತ್ತಾಗುತ್ತಲೇ ಇರಲಿಲ್ಲ. ಅದಕ್ಕೇ ನಾನು ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವುದು.

ತಾರೀಕು ಮಾತ್ರ 2007ರ ಜನವರಿ 1 ಅಂತ ತೋರಿಸುತ್ತಿತ್ತು. ಕಂಪ್ಯೂಟರ್ ಆಫ್ ಇದ್ದಾಗಲೂ ಗಡಿಯಾರ ನಡೆಸುವ, ಬೋರ್ಡ್ ಮೇಲಿನ ಸಿಆರ್2032 ಸೆಲ್ 3 ವೋಲ್ಟ್ ಇರಬೇಕಾದದ್ದು 1.9ಕ್ಕೆ ಇಳಿದಿತ್ತು. ಹೊಸದು ಹಾಕಿದೆ. ತಾರೀಕು ತಪ್ಪಿದ್ದರೆ ಏನಂತೆ ಅಂತ ಬಿಡುವ ಹಾಗಿಲ್ಲ. ವೆಬ್‌ಸೈಟ್ ಅಸಲಿ ಅಂತ ತೋರಿಸುವ ಸರ್ಟಿಫಿಕೇಟಿನ ಅವಧಿ ತಾಳೆಯಾಗದೆ ಬ್ರೌಸರ್‌ನಲ್ಲಿ ಹೆಚ್ಚಿನ ವೆಬ್‌ಸೈಟ್‌ಗಳು ತೆರೆಯುವುದೇ ಇಲ್ಲ.

ಬಯಾಸ್‌ನಲ್ಲಿ ಪ್ರೊಸೆಸರ್ ಬಿಸಿ 80 ಡಿಗ್ರಿ ಹತ್ತಿರ ಇತ್ತು. ಅದರ ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕ್ ಎತ್ತಿ ನೋಡಿದರೆ, ಎರಡರ ನಡುವೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆಯಂತಾಗಿತ್ತು. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟೆ. 45ಕ್ಕೆ ಇಳಿಯಿತು.

ಹಾರ್ಡ್ ಡಿಸ್ಕ್ ವಿಷಯದಲ್ಲಿ ಅವಸರ ಮಾಡಲಿಲ್ಲ. ಪೆನ್‌ಡ್ರೈವ್‌ನಿಂದ ಲಿನಕ್ಸ್ (ವಿಂಡೋಸ್ ಬದಲು ಬಳಸಬಹುದಾದ ಉಚಿತ ವ್ಯವಸ್ಥೆ) ಬೂಟ್ ಮಾಡಿ ನೋಡಿದರೆ ಕೆಟ್ಟ ಸೆಕ್ಟರ್‌ಗಳು, ಅಂದರೆ ಡಿಸ್ಕಿನಲ್ಲಿ ಹಾಳಾದ ಜಾಗಗಳು, ಜಾಸ್ತಿ ಇದ್ದವು, ಫೈಲ್‌ಗಳು ಮಾತ್ರ ಇನ್ನೂ ಓದಲು ಬರುತ್ತಿದ್ದವು. ಹಳೆ ಒಡೆಯರಿಗೆ ಫೋನ್ ಮಾಡಿ ಕೇಳಿದೆ. "ಅಯ್ಯೋ, ಮಗಳು ಚಿಕ್ಕವಳಿದ್ದಾಗಿನ ಫೋಟೋ ಅದರಲ್ಲೇ ಇವೆ" ಅಂದರು. ಫೋಲ್ಡರ್ ತೆರೆದು ನೋಡಲಿಲ್ಲ, ಹಾಗೇ ಕಾಪಿ ಮಾಡಿ ಕೊಟ್ಟೆ. ಆಮೇಲೆ ಡಿಸ್ಕ್ ಪೂರ್ತಿ ಸೊನ್ನೆ ಬರೆದು ಅಳಿಸಿದೆ. ಬೇರೆಯವರ ಕಂಪ್ಯೂಟರ್ ಕೈಗೆ ಬಂದಾಗ ಇದನ್ನು ಯಾರೂ ಮರೆಯಬಾರದು.

ಅದರ ಜಾಗಕ್ಕೆ ಒಂದು ಚಿಕ್ಕ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿದೆ. ಇನ್ನೊಂದು ಕೆಟ್ಟ ಕಂಪ್ಯೂಟರಿನಿಂದ ತೆಗೆದ 2 ಜಿಬಿಯ ಎರಡು ರ‍್ಯಾಮ್ ಸೇರಿ 4 ಜಿಬಿ ಆಯಿತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇದರಲ್ಲಿಲ್ಲ. ಹಾಗಾಗಿ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದೆ. ಕೋರ್ 2 ಡ್ಯುಯೋ 64 ಬಿಟ್ ಪ್ರೊಸೆಸರ್ ಆದ್ದರಿಂದ ತಕರಾರಿಲ್ಲದೆ ಕೂತಿತು.

ಈಗ ಪತ್ರ ಬರೆಯುವುದು, ಕನ್ನಡ ಟೈಪಿಂಗ್, ಇಮೇಲ್ ಎಲ್ಲ ಆರಾಮಾಗಿ ಆಗುತ್ತದೆ. ವಿಡಿಯೋ 480ಪಿಯಲ್ಲಿ ಸರಾಗ, 1080ಪಿಗೆ ಹೋದರೆ ತಡವರಿಸುತ್ತದೆ. ಕ್ಯಾಬಿನೆಟ್ ಹಿಂದಿನ ಫ್ಯಾನ್ ಇನ್ನೂ ಗರಗರ ಅನ್ನುತ್ತಿದೆ. ಅದರ ಸ್ಟಿಕ್ಕರ್ ಎಬ್ಬಿಸಿ ಒಂದು ಹನಿ ಮೆಷಿನ್ ಎಣ್ಣೆ ಬಿಡುವುದೊಂದು ಬಾಕಿ.