ಕಸೂತಿ ಹಾಕುವವರ ಸಾಲಿನಲ್ಲಿ ನಾನೊಬ್ಬ

ಹುಬ್ಬಳ್ಳಿಯ ಗೋಕುಲ ರೋಡಿನ ವರ್ಕ್‌ಶಾಪಿನಲ್ಲಿ ಲೋಹ ಕಡೆಯುವ ಲೇತ್ ಯಂತ್ರ ನಡೆಸುವುದು ನನ್ನ ಹೊಟ್ಟೆಪಾಡು. ಸಂಜೆ ಮನೆಗೆ ಬಂದರೆ ಕಸೂತಿ. ಮೊದಲನೆಯದನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ. ಎರಡನೆಯದಕ್ಕೆ ನಮ್ಮ ಕಾಕಾ, "ಗಂಡಸಾಗಿ ಸೂಜಿ ಹಿಡಕೊಂಡು ಕುಂತೀಯಲ್ಲೋ" ಅಂದರು. "ನಿಮ್ಮ ಅಂಗಿ ಹೊಲದಾಂವ ಯಾರು, ಕಾಕಾ?" ಎಂದು ಕೇಳಿದೆ. ನಮ್ಮೂರಲ್ಲಿ ತಲೆಮಾರುಗಳಿಂದ ಬಟ್ಟೆ ಹೊಲಿದವರು ಗಂಡಸರೇ. ಅಂದಮೇಲೆ ತಕರಾರು ಸೂಜಿಯ ಮೇಲಲ್ಲ. ಅಂಗಡಿಯಲ್ಲಿ ಕೂತು ದುಡ್ಡಿಗೆ ಹೊಲಿದರೆ ಅದು ಕಸುಬು, ಪಡಸಾಲೆಯಲ್ಲಿ ಕೂತು ಸೆರಗಿಗೆ ತೇರು, ತೊಟ್ಟಿಲು ಹಾಕಿದರೆ ಹೆಂಗಸರ ಕೆಲಸ. ಈ ಗೆರೆ ಯಾರು ಎಳೆದರೋ, ನನಗಂತೂ ಒಪ್ಪಿಗೆಯಾಗಲಿಲ್ಲ.

ಕಲಿಸಿದವರು ಧಾರವಾಡದ ಒಬ್ಬ ಹಿರಿಯ ಹೆಣ್ಣುಮಗಳು, ನಾವೆಲ್ಲ ಕಾಕು ಅನ್ನುತ್ತೇವೆ. "ಎಳಿ ಎಣಸೋ ತಾಳ್ಮಿ ಗಂಡಸರಿಗಿರೂದಿಲ್ಲ" ಎಂದು ಅವರೂ ಮೊದಲಿಗೆ ನಂಬಿದ್ದರು. ನಾನು ವಾದಕ್ಕಿಳಿಯಲಿಲ್ಲ. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹೋಗಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂದು ನಾಲ್ಕು ಹೊಲಿಗೆ. ಗವಂತಿಯಲ್ಲಿ ಒಂದು ಬಿಟ್ಟು ಒಂದು ಹಾಕುತ್ತ ಹೋಗಿ, ತಿರುಗಿ ಬರುವಾಗ ಬಿಟ್ಟ ಜಾಗ ತುಂಬಬೇಕು. ಎಣಿಕೆಯಲ್ಲಿ ಒಂದು ಎಳೆ ಆಚೀಚೆಯಾದರೂ ಬರುವ ಸಾಲು ಹೋದ ಸಾಲಿಗೆ ಕೂಡುವುದಿಲ್ಲ. ಮುರಗಿ ಎಂದರೆ ಅದನ್ನೇ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುವುದು. ಇವೆರಡೂ ಹಿಂದೆ ಮುಂದೆ ಒಂದೇ ಥರ ಕಾಣಬೇಕು. ನೇಯ್ಗಿ ಎಂದರೆ ನೇಯ್ದ ಹಾಗೆ ಕಾಣುವ ನೇರ ಹೊಲಿಗೆ, ಮೆಂತೆ ಎಂದರೆ ಗುಣಾಕಾರದ ಗುರುತಿನಂತೆ ಅಡ್ಡಹಾಯುವ ಹೊಲಿಗೆ. ಲೇತಿನ ಮುಂದೆ ನಿಂತವನಿಗೆ ಕೂದಲೆಳೆಯ ಅಳತೆ ಹೊಸದಲ್ಲ. ಸೂಜಿ ಚುಚ್ಚುವ ಮೊದಲೇ ಚೌಕಳಿ ಹಾಳೆಯ ಮೇಲೆ ಹೋಗುವ ದಾರಿ, ಬರುವ ದಾರಿ, ಕವಲು ಬಂದಲ್ಲಿ ಯಾವ ಕಡೆ ಮೊದಲು ಎಂಬುದನ್ನೆಲ್ಲ ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳುತ್ತಿದ್ದೆ. ಮೊದಲು ದಪ್ಪ ಎಳೆಯ ಮ್ಯಾಟಿ ಬಟ್ಟೆ, ಆಮೇಲೆ ಇಳಕಲ್ ಸೀರೆ.

ಕಾಕು ನನ್ನ ಬಟ್ಟೆ ಕೈಗೆ ತಗೊಂಡರೆ ಮೊದಲು ತಿರುವಿ ಬೆನ್ನು ನೋಡುವರು. ಒಮ್ಮೆ ಹಾಗೆ ನೋಡಿ, "ನಾಳಿಂದ ನಮ್ಮ ಸಾಲಿನ್ಯಾಗ ಕುಂದ್ರು ತಮ್ಮಾ" ಅಂದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಬೇಕಿರಲಿಲ್ಲ.

ನಿಜವಾಗಿ ಕಾಡಿದ್ದು ಹೊಗಳಿಕೆ. ಪ್ರದರ್ಶನಗಳಲ್ಲಿ ಜನ ನನ್ನ ಸುತ್ತಲೇ ಮುಕುರುವರು, "ಗಂಡಸರು ಕಸೂತಿ ಹಾಕ್ತಾರ ನೋಡ್ರಿ" ಎಂದು ಫೋಟೊ ತೆಗೆಯುವರು. ಪಕ್ಕದಲ್ಲೇ ಕೂತ ಅಕ್ಕಂದಿರು ಮದುಮಕ್ಕಳಿಗೆ ಕಪ್ಪು ಚಂದ್ರಕಾಳಿ ಸೀರೆ, ಕೂಸುಗಳ ತಲೆಗೆ ಕುಂಚಿ ಹಾಕಿಕೊಟ್ಟವರು. 2006ರಲ್ಲಿ ಕಸೂತಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದ್ದು ಅಂಥ ಕೈಗಳ ದುಡಿಮೆಯಿಂದ. ಅವರ ಕಡೆ ಯಾರೂ ತಿರುಗಿ ನೋಡದಿದ್ದಾಗ ನನಗೆ ಸಂಕಟವಾಗುತ್ತಿತ್ತು. ಗಂಡಸರ ಕೆಲಸವಲ್ಲ ಎನ್ನುವುದೂ, ಗಂಡಸು ಮಾಡಿದ್ದಕ್ಕೇ ದೊಡ್ಡದು ಎನ್ನುವುದೂ ಒಂದೇ ಬೇರಿನವು. ನನಗೊಬ್ಬನಿಗೇ ಬೇರೆ ಟೇಬಲ್, ಹೆಸರಿನ ಬೋರ್ಡು ಕೊಡುತ್ತೇವೆ ಎಂದು ಪ್ರದರ್ಶನದವರು ಬಂದಾಗ ಬೇಡ ಅಂದೆ. ಫೋಟೊ ಬೇಕಾದರೆ ಎಲ್ಲರದೂ ಸೇರಿಸಿ ತೆಗೆಯಿರಿ, ದರವೂ ಎಲ್ಲರದೂ ಒಂದೇ ಎಂದೆ. ನಮ್ಮ ಕಸೂತಿ ಗುಂಪಿನಲ್ಲೇ ಕೆಲವರು, "ನಿನ್ನ ಬೋರ್ಡ್ ಇದ್ರ ನಮಗೂ ವ್ಯಾಪಾರ ಆಗ್ತಿತ್ತಲ್ಲ" ಎಂದರು. ಅವರ ಮಾತಿನಲ್ಲಿ ಹುರುಳಿತ್ತು, ಆದರೂ ನಾನು ಬದಲಾಗಲಿಲ್ಲ.

ಹಾಗೆಂದು ಎಲ್ಲರ ಹಾಗೆ ನವಿಲು, ಆನೆ, ಗೋಪುರ ಮಾತ್ರ ಹಾಕಿಕೊಂಡು ಇರಲೂ ಮನಸ್ಸಾಗಲಿಲ್ಲ. ತುಳಸಿಕಟ್ಟೆ, ತೊಟ್ಟಿಲುಗಳೆಲ್ಲ ಹೆಂಗಸರು ದಿನಾ ಕಂಡದ್ದನ್ನೇ ಎಳೆಗಿಳಿಸಿದ್ದು. ಕುಂದಗೋಳ ಕಡೆಯ ಎರೆಹೊಲದಲ್ಲಿ ಬೆಳೆದ ನಾನು ಕಂಡದ್ದು ಬೀಜ ಬಿತ್ತುವ ಕೂರಿಗೆ. ಅಡ್ಡ ದಿಂಡಿಗೆ ಗವಂತಿ, ಬೀಜದ ಬಟ್ಟಲಿನಿಂದ ಓರೆಯಾಗಿ ನೆಲಕ್ಕಿಳಿಯುವ ಕೊಳವೆಗಳಿಗೆ ಮುರಗಿ. ಪ್ರತಿ ಕೊಳವೆಯ ತುದಿಗೂ ಹೋಗಿ, ತುಂಬಿಕೊಂಡು ಬಂದು, ಮತ್ತೆ ಬಟ್ಟಲಿಗೇ ಕೂಡಬೇಕು. ಹೊಲಿಗೆಯ ಕಟ್ಟಳೆ ಒಂದನ್ನೂ ಮುರಿಯದೆ ಹಾಕಿದೆ.

ಕಾಕು ಬೆನ್ನು ನೋಡಿದರು, ಮುಂದೆ ನೋಡಿದರು. "ಎತ್ತು ಎಲ್ಲಿ ಅದಾವ?" ಅಂದು ತಾವೇ ನೇಯ್ಗಿಯಲ್ಲಿ ಎರಡು ಎತ್ತು ಕೂಡಿಸಿದರು. ಈಗ ಗುಂಪಿನ ಎಲ್ಲರೂ ಅದನ್ನು ಹಾಕುತ್ತಾರೆ. ಒಬ್ಬ ಅಕ್ಕಾರು ಮಾತ್ರ ಬೀಜದ ಬಟ್ಟಲಿಗೆ ಮೆಂತೆ ತುಂಬುತ್ತಾರೆ. ಮೆಂತೆಗೆ ದಾರ ಬಹಳ ಬೇಕು, ಬಟ್ಟೆ ಭಾರವಾಗುತ್ತದೆ, ಬೆನ್ನೂ ಬೇರೆಯಾಗುತ್ತದೆ ಎಂದು ನಾನು ಹೇಳುತ್ತಲೇ ಇದ್ದೇನೆ. ಅವರು ಇನ್ನೂ ಒಪ್ಪಿಲ್ಲ.